ಅಪಸ್ವರ ನುಡಿಸುವ ಹಕ್ಕು

ಫೆಬ್ರವರಿ ಬಂದರೆ ಇಲ್ಲಿ ನ್ಯೂಜೆರ್ಸಿಯ ಹೈಸ್ಕೂಲುಗಳಲ್ಲಿ ಮುಂದಿನ ವರ್ಷದ ವಿಷಯ ಆರಿಸುವ ಕೆಲಸ ಶುರು. ಹೋದ ವರ್ಷ ನಾನು, ನನ್ನ ಹೆಂಡತಿ, ಮಗಳು ಮೂವರೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ದಿನಕ್ಕೆ ಎಂಟು ಪಿರಿಯಡ್. ಊಟಕ್ಕೆ ಒಂದು, ವ್ಯಾಯಾಮಕ್ಕೆ ಒಂದು ಹೋದರೆ ಉಳಿಯುವುದು ಆರು. ಆ ಆರರಲ್ಲಿ ಒಂದನ್ನು ಅವಳು ಮೊದಲೇ ಬ್ಯಾಂಡ್‌ಗೆ ಇಟ್ಟುಬಿಟ್ಟಿದ್ದಳು. ಅವಳು ನುಡಿಸುವುದು ಕ್ಲಾರಿನೆಟ್.

"ಬ್ಯಾಂಡ್ ಬಿಟ್ರೆ ಇನ್ನೊಂದು ಎಪಿಗೆ ಜಾಗ ಆಗುತ್ತಲ್ವಾ ಪುಟ್ಟಿ?" ಅಂದೆ.

"ನಾನು ಅಷ್ಟೇನೂ ಚೆನ್ನಾಗಿ ನುಡಿಸಲ್ಲ ಅಂತ ನಂಗೂ ಗೊತ್ತಪ್ಪ. ಆದ್ರೂ ನಂಗಿಷ್ಟ" ಅಂದಳು.

ಅವಳ ಮುಂದೆ ಇದ್ದದ್ದು ಬರೀ ಜಾಗದ ಪ್ರಶ್ನೆ ಅಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಲೆಕ್ಕ ಹೀಗಿದೆ. ಇಲ್ಲಿ ಒಟ್ಟು ಅಂಕಗಳ ಸರಾಸರಿಗೆ ಜಿಪಿಎ ಎನ್ನುತ್ತಾರೆ. ಮಾಮೂಲಿ ವಿಷಯದಲ್ಲಿ 'ಎ' ಬಂದರೆ 4. ಎಪಿ ಎಂದರೆ ಕಾಲೇಜು ಮಟ್ಟದ ಪಾಠ. ಅದರಲ್ಲಿ 'ಎ' ಬಂದರೆ ಬಹಳಷ್ಟು ಶಾಲೆಗಳು 5 ಕೊಡುತ್ತವೆ. ಆರೂ ವಿಷಯ ಎಪಿ ಆಗಿ, ಎಲ್ಲದರಲ್ಲೂ 'ಎ' ಬಂದರೆ ಸರಾಸರಿ 5. ಐದು ಎಪಿ, ಒಂದು ಬ್ಯಾಂಡ್ ತಗೊಂಡು ಆರರಲ್ಲೂ 'ಎ' ತೆಗೆದರೆ 4.83. ಅಂದರೆ ಬ್ಯಾಂಡ್‌ನಲ್ಲಿ ಪೂರ್ತಿ ಅಂಕ ತೆಗೆದ ಮಗುವಿನ ಸರಾಸರಿಯೂ ಇಳಿಯುತ್ತದೆ. ಇದು ಗೊತ್ತಿದ್ದ ಮಕ್ಕಳು ಹತ್ತನೇ ತರಗತಿಯ ಹೊತ್ತಿಗೆ ಸದ್ದಿಲ್ಲದೆ ಬ್ಯಾಂಡ್ ಬಿಡುತ್ತಾರೆ.

ಇಲ್ಲಿ ದೊಡ್ಡ ನಗರಗಳ ಹೊರಗಿನ ವಸತಿ ಊರಿಗೆ ಸಬರ್ಬ್ ಎನ್ನುತ್ತಾರೆ. ಅಮೆರಿಕದ ಸಬರ್ಬ್ ಸರ್ಕಾರಿ ಹೈಸ್ಕೂಲಿನ ಒಳಜಗಳವೆಲ್ಲ ಈ ಒಂದು ಲೆಕ್ಕದಲ್ಲೇ ಇದೆ. ಓದು, ಚಟುವಟಿಕೆ, ಆಟ ಮೂರೂ ಒಂದೇ ಸೂರಿನಡಿ ಇರಬೇಕು ಎಂದು ಕಟ್ಟಿದ ಶಾಲೆ ಇದು. ಈಗ ಆ ಮೂರೂ ಒಂದನ್ನೊಂದು ತಳ್ಳಾಡುತ್ತಿವೆ. ತಳ್ಳಾಟದಲ್ಲಿ ಹೊರಗೆ ಬೀಳುತ್ತಿರುವುದು ಸುಮಾರಾಗಿ ಆಡುವ, ಸುಮಾರಾಗಿ ನುಡಿಸುವ ಮಗು.

ಪಿಯುಸಿ ಮಾಡಿ ಬಂದ ನಮ್ಮಂಥವರಿಗೆ ಈ ಶಾಲೆ ಅರ್ಥವಾಗಲು ಸ್ವಲ್ಪ ಕಾಲ ಬೇಕು. ನಮ್ಮ ಕಾಲದಲ್ಲಿ ಸೈನ್ಸ್ ತಗೊಂಡ ಹುಡುಗ ಹಾರ್ಮೋನಿಯಂ, ಕಬಡ್ಡಿ ಎರಡನ್ನೂ ಅಟ್ಟಕ್ಕೆ ಹಾಕುತ್ತಿದ್ದ. ಪಿಟಿ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ತಗೊಳ್ಳುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಹಾಗಲ್ಲ. 9ರಿಂದ 12ನೇ ತರಗತಿವರೆಗೆ ನಾಲ್ಕು ವರ್ಷ. ಸೆಕ್ಷನ್ ಎಂಬುದಿಲ್ಲ, ಪ್ರತಿ ಮಗುವಿಗೂ ಅದರದ್ದೇ ಟೈಮ್‌ಟೇಬಲ್. ನ್ಯೂಜೆರ್ಸಿಯಲ್ಲಿ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ, ಸಿಗಬೇಕಾದರೆ 120 ಕ್ರೆಡಿಟ್ ಆಗಬೇಕು. ಅದರಲ್ಲಿ ವ್ಯಾಯಾಮ ಮತ್ತು ಆರೋಗ್ಯ ಪ್ರತಿ ವರ್ಷವೂ ಕಡ್ಡಾಯ. ಚಿತ್ರ, ಸಂಗೀತ, ನಾಟಕ, ನೃತ್ಯ ಇವುಗಳಲ್ಲಿ ಏನಾದರೂ ಕಲಿತು 5 ಕ್ರೆಡಿಟ್ ತರಲೇಬೇಕು. ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆಗೂ 5 ಇದೆ. ಹಾಡದೆ, ಬರೆಯದೆ, ಓಡದೆ ಹೈಸ್ಕೂಲ್ ಮುಗಿಸಲು ಕಾನೂನೇ ಬಿಡುವುದಿಲ್ಲ.

ಮಧ್ಯಾಹ್ನ ಬೆಲ್ ಹೊಡೆದ ಮೇಲೆ ಶಾಲೆಯ ಎರಡನೇ ಪಾಳಿ ಶುರು. ಒಂದು ಕೋಣೆಯಲ್ಲಿ ಚರ್ಚಾಸ್ಪರ್ಧೆಯ ತಯಾರಿ, ಇನ್ನೊಂದರಲ್ಲಿ ರೋಬೋ ಬಿಚ್ಚಿ ಹರಡಿಕೊಂಡ ಮಕ್ಕಳು. ಆಡಿಟೋರಿಯಂನಲ್ಲಿ ನಾಟಕ. ಹೊರಗೆ ಮೈದಾನದಲ್ಲಿ ನಾಲ್ಕೈದು ತಂಡ. ಆಟಕ್ಕೆ ವರ್ಷದಲ್ಲಿ ಮೂರು ಸೀಸನ್. ಮಳೆ ಚಳಿ ಶುರುವಾಗುವ ಮುಂಚೆ ಫುಟ್‌ಬಾಲ್ (ಅಮೆರಿಕದವರ ಫುಟ್‌ಬಾಲ್), ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟ), ಕ್ರಾಸ್ ಕಂಟ್ರಿ ಓಟ. ಚಳಿಗಾಲಕ್ಕೆ ಬ್ಯಾಸ್ಕೆಟ್‌ಬಾಲ್, ಕುಸ್ತಿ, ಈಜು. ವಸಂತಕ್ಕೆ ಬೇಸ್‌ಬಾಲ್, ಸಾಫ್ಟ್‌ಬಾಲ್, ಟ್ರ್ಯಾಕ್. ಒಂದೇ ಆಟಕ್ಕೂ ಮೂರು ತಂಡ ಇರುತ್ತದೆ. ಚೆನ್ನಾಗಿ ಆಡುವವರದು ವಾರ್ಸಿಟಿ. ಕಲಿಯುತ್ತಿರುವವರದು ಜೂನಿಯರ್ ವಾರ್ಸಿಟಿ, ಮಕ್ಕಳ ಬಾಯಲ್ಲಿ ಜೆವಿ. ಹೊಸದಾಗಿ ಬಂದವರದು ಫ್ರೆಶ್‌ಮನ್ ತಂಡ. ಬೆಳಿಗ್ಗೆ ಕೆಮಿಸ್ಟ್ರಿ ಹೇಳಿದ ಮೇಷ್ಟ್ರೇ ಸಂಜೆ ಸೀಟಿ ಕೊರಳಿಗೆ ಹಾಕಿಕೊಂಡು ಕೋಚ್ ಆಗಿ ನಿಂತಿರುತ್ತಾರೆ. ಎಲ್ಲ ಮುಗಿಸಿದವರನ್ನು ಮನೆಗೆ ಬಿಡಲು ಸಂಜೆ ಇನ್ನೊಂದು ಬಸ್ಸು. ಅದಕ್ಕೆ ಲೇಟ್ ಬಸ್ ಎನ್ನುತ್ತಾರೆ.

ಇಡೀ ದೇಶದಲ್ಲಿ ಹೈಸ್ಕೂಲ್ ಆಟಗಳಲ್ಲಿ ವರ್ಷಕ್ಕೆ 80 ಲಕ್ಷಕ್ಕೂ ಜಾಸ್ತಿ ಹೆಸರು ನೋಂದಣಿಯಾಗುತ್ತವೆ. ಹೆಣ್ಣುಮಕ್ಕಳ ಕಥೆ ಇನ್ನೂ ದೊಡ್ಡದು. 1971-72ರಲ್ಲಿ ಆಡುತ್ತಿದ್ದ ಹುಡುಗಿಯರು 3 ಲಕ್ಷವೂ ಇರಲಿಲ್ಲ. 1972ರಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಶಾಲೆ ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ ಎಂದಿತು. ಈಗ ಹುಡುಗಿಯರ ಸಂಖ್ಯೆ 30 ಲಕ್ಷ ದಾಟಿದೆ. ಶಾಲೆ ಬಾಗಿಲು ತೆಗೆದರೆ ಮಕ್ಕಳು ಬರುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ? ದೊಡ್ಡ ಪಾಲು ಮನೆಗಳ ಆಸ್ತಿ ತೆರಿಗೆಯಿಂದ. ನ್ಯೂಜೆರ್ಸಿಯಲ್ಲಿ 2024ರಲ್ಲಿ ಒಂದು ಮನೆಯ ಸರಾಸರಿ ಆಸ್ತಿ ತೆರಿಗೆ ವರ್ಷಕ್ಕೆ 10,000 ಡಾಲರ್ ದಾಟಿತು. ಅದರ ಅರ್ಧಕ್ಕೂ ಜಾಸ್ತಿ ಶಾಲೆಗೆ ಹೋಗುತ್ತದೆ. ಅದಕ್ಕೇ ನಮ್ಮವರು ಮನೆ ಕೊಳ್ಳುವಾಗ ಅಡುಗೆಮನೆಗಿಂತ ಮೊದಲು ಶಾಲೆ ನೋಡುತ್ತಾರೆ. ಶಾಲೆಗೆ ಫೀಸಿಲ್ಲ ನಿಜ. ಆದರೆ ಆ ಬೀದಿಯಲ್ಲಿ ಮನೆ ಕೊಳ್ಳುವ ಶಕ್ತಿ ಇರಬೇಕು. 1973ರಲ್ಲಿ ಟೆಕ್ಸಸ್‌ನ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬಡವರ ಊರಿನ ಶಾಲೆಗೆ ಕಡಿಮೆ ದುಡ್ಡು ಸಿಗುವುದು ತಪ್ಪಲ್ಲವೇ ಎಂಬ ಪ್ರಶ್ನೆ. 5-4 ಮತಗಳಿಂದ ಕೋರ್ಟು ಅದು ಅಮೆರಿಕದ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ನ್ಯೂಜೆರ್ಸಿ ಬೇರೆ ದಾರಿ ಹಿಡಿಯಿತು. 1990ರಲ್ಲಿ ಇಲ್ಲಿನ ರಾಜ್ಯ ಸುಪ್ರೀಂ ಕೋರ್ಟು, ಬಡ ನಗರಗಳ ಶಾಲೆಗಳಿಗೂ ಶ್ರೀಮಂತ ಸಬರ್ಬ್‌ಗಳಷ್ಟೇ ಖರ್ಚು ಮಾಡಬೇಕು ಎಂದು ರಾಜ್ಯ ಸರ್ಕಾರಕ್ಕೆ ಹೇಳಿತು. ರಾಜಧಾನಿ ಟ್ರೆಂಟನ್ ಅಂಥ ನಗರಗಳಲ್ಲಿ ಒಂದು.

ಅದೇ ಟ್ರೆಂಟನ್‌ನಿಂದ ಸ್ವಲ್ಪ ದೂರದಲ್ಲೇ, ಪ್ರಿನ್ಸ್‌ಟನ್ ಪಕ್ಕದಲ್ಲಿ, ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಎಂಬ ಶಾಲಾ ಜಿಲ್ಲೆ ಇದೆ. ಇಲ್ಲಿ ಜಿಲ್ಲೆ ಎಂದರೆ ಒಂದೆರಡು ಊರು ಸೇರಿ ನಡೆಸುವ ಶಾಲೆಗಳ ಆಡಳಿತ. ಎರಡು ಹೈಸ್ಕೂಲು, ನಾರ್ತ್ ಮತ್ತು ಸೌತ್. ಭಾರತ, ಚೀನಾದಿಂದ ಬಂದ ಎಂಜಿನಿಯರು, ಔಷಧ ಕಂಪನಿಯವರು ತುಂಬಿದ ಊರು. ನ್ಯೂಜೆರ್ಸಿಯ ಕನ್ನಡ ಕೂಟ ಬೃಂದಾವನದ ಕಾರ್ಯಕ್ರಮಕ್ಕೆ ಹೋದರೆ ಆ ಕಡೆಯಿಂದ ಬಂದ ಒಂದಾದರೂ ಕುಟುಂಬ ಸಿಗುತ್ತದೆ. 2015ರಲ್ಲಿ ಅಲ್ಲಿ ನಡೆದದ್ದು ಇಡೀ ದೇಶದ ಪತ್ರಿಕೆಗಳಲ್ಲಿ ಬಂತು. ಹತ್ತು ವರ್ಷ ಕಳೆದರೂ ಆ ಜಗಳ ಬೇರೆ ಬೇರೆ ಸಬರ್ಬ್‌ಗಳಲ್ಲಿ ಹೊಸ ಹೆಸರಿನಲ್ಲಿ ನಡೆಯುತ್ತಲೇ ಇದೆ.

ಆ ವರ್ಷ ಜಿಲ್ಲೆಯ ಶಾಲೆಗಳ ಮುಖ್ಯ ಆಡಳಿತಗಾರ, ಅಂದರೆ ಸೂಪರಿಂಟೆಂಡೆಂಟ್, ಡೇವಿಡ್ ಅಡರ್‌ಹೋಲ್ಡ್ ತಂದೆತಾಯಿಗಳಿಗೆ 16 ಪುಟದ ಪತ್ರ ಬರೆದರು. ಮಕ್ಕಳ ಮೇಲೆ ಒತ್ತಡ ಮಿತಿಮೀರಿದೆ ಎಂದರು. ಹಿಂದಿನ ಶಾಲಾ ವರ್ಷದಲ್ಲಿ 120 ಮಕ್ಕಳನ್ನು ಮಾನಸಿಕ ಆರೋಗ್ಯದ ತಪಾಸಣೆಗೆ ಕಳಿಸಬೇಕಾಗಿತ್ತು. 40 ಮಕ್ಕಳು ಆಸ್ಪತ್ರೆ ಸೇರಿದ್ದರು. ಜಿಲ್ಲೆಯ ಸಮೀಕ್ಷೆಯಲ್ಲಿ ಒಂದು ಮಗು ಬರೆದಿತ್ತು: ಇಲ್ಲಿ ಹನ್ನೆರಡು ವರ್ಷ ಓದಿ ಕಲಿತದ್ದು ಒಂದೇ, ಗ್ರೇಡು, ಪರ್ಸೆಂಟು, ಕಡೆಗೆ ಒಂದೇ ಒಂದು ಪಾಯಿಂಟು ಕೂಡ ಉಳಿದೆಲ್ಲಕ್ಕಿಂತ ದೊಡ್ಡದು.

ಆಮೇಲೆ ಬದಲಾವಣೆಗಳು ಬಂದವು. ಹೈಸ್ಕೂಲಿನ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆ ತೆಗೆದರು. ಹೋಮ್‌ವರ್ಕ್ ಇಲ್ಲದ ರಾತ್ರಿಗಳನ್ನು ಇಟ್ಟರು. 4 ಮತ್ತು 5ನೇ ತರಗತಿಯಲ್ಲಿದ್ದ ಮುಂದುವರಿದ ಗಣಿತದ ತರಗತಿಗೆ ಕೈ ಹಾಕಿದರು. ಅದರಲ್ಲಿದ್ದ ಹೆಚ್ಚಿನವರೆಲ್ಲ ಏಷ್ಯಾ ಮೂಲದ ಮಕ್ಕಳೇ. ಇವುಗಳ ನಡುವೆ ಇನ್ನೊಂದು ಸಣ್ಣ ಯೋಜನೆ ಇತ್ತು, ಯಾರೂ ಅದರ ಬಗ್ಗೆ ಜಗಳವಾಡಲಿಲ್ಲ. ಶಾಲೆಯ ಸಂಗೀತಕ್ಕೆ ಸೇರುವುದನ್ನು ಸುಲಭ ಮಾಡಿದ ಆ ಯೋಜನೆಯ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಕೀಚ್ ಎನ್ನಿಸುವ ಹಕ್ಕು'. ಕ್ಲಾರಿನೆಟ್ ಹೊಸದಾಗಿ ಹಿಡಿದವರಿಗೆ ಗೊತ್ತು. ತುಟಿ ಸರಿಯಾಗಿ ಕೂರದಿದ್ದರೆ, ಬಾಯಿಗಿಡುವ ತುದಿಯ ತೆಳು ಪಟ್ಟಿ, ರೀಡ್, ಒಣಗಿದ್ದರೆ, ಸ್ವರದ ಬದಲು ಇಲಿಮರಿ ಕಿರುಚಿದ ಹಾಗೆ ಸದ್ದು ಬರುತ್ತದೆ. ಆ ಸದ್ದು ಮಾಡಲು ಮಗುವಿಗೆ ಹಕ್ಕಿದೆ ಎಂದರು. ನನಗೆ ಇಡೀ ಗಲಾಟೆಯಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇದೇ.

ಊರು ಮಾತ್ರ ಎರಡಾಯಿತು. ಬಿಳಿಯರಲ್ಲಿ ಹೆಚ್ಚಿನವರು ಸೂಪರಿಂಟೆಂಡೆಂಟ್ ಪರ. ಚೀನಾ, ಭಾರತದಿಂದ ಬಂದ ಎಷ್ಟೋ ತಂದೆತಾಯಿಗಳು ವಿರುದ್ಧ. ಎರಡೂ ಕಡೆ ಅಪವಾದಗಳಿದ್ದವು. ನಮ್ಮವರು ಓದನ್ನು ತೆಳು ಮಾಡುತ್ತಿದ್ದೀರಿ ಎಂದರು. ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಆಗುವುದಿಲ್ಲ. ಎರಡು ಸೂಟ್‌ಕೇಸ್ ಹಿಡಿದು ಬಂದವರಿಗೆ ಇದ್ದದ್ದು ಒಂದೇ ಏಣಿ, ಅಂಕ. ಆ ಏಣಿ ಹತ್ತಿಯೇ ಇಲ್ಲಿಗೆ ಬಂದದ್ದು. ಇಲ್ಲಿ ನಮಗೆ ಹಳೆಯ ವಿದ್ಯಾರ್ಥಿಗಳ ಬಳಗವಿಲ್ಲ, ಶಿಫಾರಸು ಮಾಡುವ ಚಿಕ್ಕಪ್ಪನಿಲ್ಲ. ಅಂಥವರ ಕೈಯಿಂದ ಗಣಿತದ ತರಗತಿ ಕಿತ್ತುಕೊಂಡ ಹಾಗೆ ಕಂಡರೆ ಹೊಟ್ಟೆ ಉರಿಯುವುದು ಸಹಜ.

ಇನ್ನೊಂದು ಮಾತೂ ಇದೆ. ಹೋಮ್‌ವರ್ಕ್ ಇಲ್ಲದ ರಾತ್ರಿ ಬೇಕು ಎಂದವರಲ್ಲಿ ಪ್ರಾಕ್ಟೀಸ್ ಇಲ್ಲದ ಸಂಜೆ ಬೇಕು ಎಂದವರನ್ನು ನಾನು ಕಂಡದ್ದು ಕಡಿಮೆ. ವಾರ್ಸಿಟಿ ತಂಡದ ಮಗು ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದಾರು ದಿನ ಮೈದಾನದಲ್ಲಿರುತ್ತದೆ. ಶನಿವಾರ, ಭಾನುವಾರ ಖಾಸಗಿ ಕ್ಲಬ್ಬಿನ ಟೂರ್ನಮೆಂಟ್. ಅದಕ್ಕಾಗಿ ಕಾರಿನಲ್ಲಿ ಮೂರು ನಾಲ್ಕು ಗಂಟೆ. ಗಣಿತದ ಟ್ಯೂಷನ್ ಒತ್ತಡವಾದರೆ ಇದೂ ಒತ್ತಡವೇ ಅಲ್ವಾ? ಒಂದನ್ನು ಕಾಯಿಲೆ ಎಂದು, ಇನ್ನೊಂದನ್ನು ಶಿಸ್ತು ಎಂದು ಕರೆದರೆ ನಮ್ಮವರು ಮಾತು ಕೇಳುವುದಿಲ್ಲ.

ಕಾಲೇಜುಗಳೂ ಈ ಬೆಂಕಿಗೆ ತುಪ್ಪ ಹಾಕಿವೆ. ಪ್ರವೇಶದಲ್ಲಿ ಏಷ್ಯಾ ಮೂಲದವರಿಗೆ ಭೇದ ಮಾಡುತ್ತದೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲೆ ಹಾಕಿದ ಮೊಕದ್ದಮೆಯಲ್ಲಿ ಹೊರಬಂದ ಲೆಕ್ಕದ ಪ್ರಕಾರ, ಕೋಚ್‌ಗಳು ಆರಿಸಿದ ಆಟಗಾರರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಪ್ರವೇಶ ಸಿಗುತ್ತಿತ್ತು. ಉಳಿದವರಿಗೆ ನೂರಕ್ಕೆ ಹತ್ತೂ ಇಲ್ಲ. 2019ರಲ್ಲಿ ಇನ್ನೊಂದು ಹಗರಣ ಬಯಲಾಯಿತು. ಆಟವನ್ನೇ ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಿ, ಲಂಚ ಕೊಟ್ಟು ಸೀಟು ಕೊಂಡಿದ್ದರು ಶ್ರೀಮಂತರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ನಿಲ್ಲಿಸಿತು. ಆಟಗಾರರಿಗೆ ಇರುವ ಬೇರೆ ಬಾಗಿಲು ಹಾಗೇ ಇದೆ.

ಇದನ್ನೆಲ್ಲ ನೋಡಿದ ತಂದೆತಾಯಿಗಳು ಆಟವನ್ನೂ ಎಪಿ ಥರವೇ ನೋಡಲು ಕಲಿತರು. ಕತ್ತಿವರಸೆ ಕಲಿಸಿದರೆ ಯಾವ ಕಾಲೇಜು, ಸ್ಕ್ವಾಷ್ ಆದರೆ ಯಾವುದು ಎಂದು ವಾಟ್ಸಾಪ್ ಗುಂಪುಗಳಲ್ಲಿ ಚರ್ಚೆ. ನಿಜ ಏನೆಂದರೆ ಹೈಸ್ಕೂಲಿನಲ್ಲಿ ಆಡಿದ ನೂರು ಮಕ್ಕಳಲ್ಲಿ ಕಾಲೇಜು ತಂಡ ಸೇರುವವರು ಸುಮಾರು ಏಳು. ಆದರೂ ಆರನೇ ವಯಸ್ಸಿಗೇ ಖಾಸಗಿ ಕ್ಲಬ್ಬು. ಆಸ್ಪೆನ್ ಇನ್‌ಸ್ಟಿಟ್ಯೂಟ್ ಎಂಬ ಅಧ್ಯಯನ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿದಾಗ, ಒಂದು ಮಗುವಿನ ಮುಖ್ಯ ಆಟಕ್ಕೆ ಕುಟುಂಬವೊಂದು ವರ್ಷಕ್ಕೆ ಸರಾಸರಿ 1,016 ಡಾಲರ್ ಖರ್ಚು ಮಾಡುತ್ತಿತ್ತು. 2019ಕ್ಕಿಂತ ಶೇ. 46 ಜಾಸ್ತಿ. ಆರನೇ ವಯಸ್ಸಿನಿಂದ ಕ್ಲಬ್ಬಿನಲ್ಲಿ ಪಳಗಿದವರು ಆಯ್ಕೆಗೆ ಬಂದು ನಿಂತಾಗ, ಒಂಬತ್ತನೇ ತರಗತಿಯಲ್ಲಿ ಮೊದಲ ಸಲ ಸಾಕರ್ ಆಡೋಣ ಎಂದು ಬಂದ ಹುಡುಗಿಗೆ ಸರ್ಕಾರಿ ಶಾಲೆಯ ತಂಡದಲ್ಲೂ ಜಾಗವಿಲ್ಲ.

ಕಾಲೇಜಿಗೆಂದು ಪೇರಿಸುವ ಈ ಪಟ್ಟಿಗೆ ನಮ್ಮ ಭಾಷೆಯೂ ಸೇರಿದೆ. ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ಮುದ್ರೆ ಒತ್ತುವ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ನ್ಯೂಜೆರ್ಸಿಗೂ ಬಂತು. ಅದಕ್ಕೆ ಬೇಕಾದ ಪರೀಕ್ಷೆ ಕನ್ನಡದಲ್ಲೂ ಇದೆ. ಭಾನುವಾರದ ಕನ್ನಡ ಶಾಲೆಗೆ ಅದರಿಂದ ಮಕ್ಕಳು ಬರುತ್ತಿದ್ದಾರೆ, ನನಗೆ ಸಂತೋಷವೇ. ಮುದ್ರೆ ಸಿಕ್ಕ ಮೇಲೂ ಅವರು ಅಜ್ಜಿಯ ಹತ್ತಿರ ತಪ್ಪು ತಪ್ಪಾಗಿಯಾದರೂ ಮಾತಾಡಲಿ ಎಂಬುದೇ ನನ್ನ ಆಸೆ.

ಇಷ್ಟೆಲ್ಲ ಸೌಲಭ್ಯ ಇರುವ ಮಕ್ಕಳಿಗೆ ಏನು ಕಷ್ಟ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ತಗೊಂಡವರಲ್ಲಿ ಸುನಿಯಾ ಲೂಥರ್ ಒಬ್ಬರು. ಭಾರತದಿಂದ ಬಂದು ಯೇಲ್‌ನಲ್ಲಿ ಪಿಎಚ್.ಡಿ. ಮಾಡಿದ ಮನಶ್ಶಾಸ್ತ್ರಜ್ಞೆ. ಬಡ ನಗರದ ಮಕ್ಕಳನ್ನು ಅಧ್ಯಯನ ಮಾಡುವಾಗ ಹೋಲಿಕೆಗೆಂದು ಸ್ಥಿತಿವಂತ ಸಬರ್ಬಿನ ಹೈಸ್ಕೂಲ್ ಮಕ್ಕಳನ್ನೂ ನೋಡಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆತಂಕ, ಖಿನ್ನತೆ, ಮದ್ಯ ಮತ್ತು ಮಾದಕ ವಸ್ತುಗಳ ಬಳಕೆ ಸಬರ್ಬಿನ ಮಕ್ಕಳಲ್ಲೇ ಜಾಸ್ತಿ ಕಂಡಿತು. ಮುಂದೆ ಇಪ್ಪತ್ತು ವರ್ಷ ಅವರು ಇದನ್ನೇ ಬೆನ್ನುಹತ್ತಿದರು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿಯೊಂದು, ಅಪಾಯದಲ್ಲಿರುವ ಮಕ್ಕಳನ್ನು ಹೆಸರಿಸುವಾಗ ಬಡತನದಲ್ಲಿರುವ ಮಕ್ಕಳ ಜೊತೆಗೆ ಇಂಥ ಹೆಚ್ಚು ಸಾಧಿಸುವ ಶಾಲೆಗಳ ಮಕ್ಕಳನ್ನೂ ಸೇರಿಸಿತು. ಲೂಥರ್ 2023ರಲ್ಲಿ ತೀರಿಕೊಂಡರು.

ನಿದ್ದೆಯ ಮಾತೂ ಅಷ್ಟೇ. ಹೈಸ್ಕೂಲು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂದು ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿತು. ಕ್ಯಾಲಿಫೋರ್ನಿಯಾ 2022ರಿಂದ ಅದನ್ನು ಕಾನೂನು ಮಾಡಿತು. ಬೇರೆ ಕಡೆ ಅಡ್ಡ ಬರುವುದು ಹೆಚ್ಚಾಗಿ ಬಸ್ಸಿನ ಸರದಿ ಮತ್ತು ಸಂಜೆಯ ಆಟ. ತಡವಾಗಿ ಬಿಟ್ಟರೆ ಕತ್ತಲಾಗುವ ಮುಂಚೆ ಪ್ರಾಕ್ಟೀಸ್ ಮುಗಿಯುವುದಿಲ್ಲ. ಇಲ್ಲೂ ಓದು, ಆಟ, ನಿದ್ದೆ ಒಂದೇ ಗಡಿಯಾರಕ್ಕೆ ಜೋತುಬಿದ್ದಿವೆ.

ಹಾಗಂತ ಆಟ ಬೇಡ ಎಂದಲ್ಲ. ಶುಕ್ರವಾರ ರಾತ್ರಿ ಒಮ್ಮೆ ಯಾವುದಾದರೂ ಹೈಸ್ಕೂಲ್ ಮೈದಾನಕ್ಕೆ ಹೋಗಿ ನೋಡಿ. ಇಡೀ ಊರೇ ಅಲ್ಲಿರುತ್ತದೆ. ಆ ಹೊತ್ತಿಗೆ ವೃತ್ತಿಪರ ಫುಟ್‌ಬಾಲ್ ಪಂದ್ಯ ಟಿವಿಯಲ್ಲಿ ಬಂದರೆ ಮೈದಾನ ಖಾಲಿಯಾದೀತು ಎಂದು 1960ರ ದಶಕದ ಒಂದು ಕಾನೂನೇ ಆ ರಾತ್ರಿಗಳನ್ನು ಶಾಲೆಗಳಿಗೆ ಕಾಯ್ದಿಟ್ಟಿದೆ. ಆದರೂ 2017ರಲ್ಲಿ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ನಾರ್ತ್ ಶಾಲೆಗೆ ವಾರ್ಸಿಟಿ ಫುಟ್‌ಬಾಲ್ ತಂಡ ಕಟ್ಟಲು ಹುಡುಗರು ಸಾಲಲಿಲ್ಲ. ತಲೆಗೆ ಪೆಟ್ಟಾಗುವ ಭಯ ಎಲ್ಲ ಕಡೆ ಇದೆ, ಬೇರೆ ಆಟಗಳ ಸೆಳೆತವೂ ಇದೆ. ತಂಡವಿಲ್ಲದಿದ್ದರೆ ಶುಕ್ರವಾರದ ಪಂದ್ಯವಿಲ್ಲ. ಪಂದ್ಯದ ನಡುವೆ ಕುಣಿಯುತ್ತಾ ನುಡಿಸುವ ಬ್ಯಾಂಡಿಗೂ ವೇದಿಕೆ ಇಲ್ಲ.

ನನಗೆ ಇಷ್ಟವಾದ ಆಟ ಕ್ರಾಸ್ ಕಂಟ್ರಿ. ಹೆಚ್ಚಿನ ಶಾಲೆಗಳಲ್ಲಿ ಅದಕ್ಕೆ ಆಯ್ಕೆಯೇ ಇಲ್ಲ, ಬಂದವರೆಲ್ಲ ತಂಡದಲ್ಲಿ. ಹೋದ ಅಕ್ಟೋಬರ್‌ನಲ್ಲಿ ಒಂದು ಓಟ ನೋಡಿದೆ. ಐದು ಕಿಲೋಮೀಟರು, ಹುಲ್ಲು, ಕೆಸರು, ಒಂದು ದಿಬ್ಬ. ಮುಂದಿನವರು ಹದಿನಾರು ಹದಿನೇಳು ನಿಮಿಷಕ್ಕೆ ಮುಗಿಸಿದರು. ಕೊನೆಯ ಹುಡುಗ ಬಂದದ್ದು ಮೂವತ್ತೊಂದನೇ ನಿಮಿಷಕ್ಕೆ. ಮುಖ ಕೆಂಪಗೆ, ಒಂದು ಬೂಟಿನ ಲೇಸು ಬಿಚ್ಚಿಹೋಗಿದೆ. ಮೊದಲು ಬಂದವರು ನೀರು ಕುಡಿದು, ಜಾಕೆಟ್ ಹಾಕಿಕೊಂಡು, ಗೆರೆಯ ಹತ್ತಿರ ಅವನ ಹೆಸರು ಕೂಗುತ್ತಾ ನಿಂತಿದ್ದರು. ಕೋಚ್ ಕೈಯಲ್ಲಿ ಗಡಿಯಾರ ಇನ್ನೂ ಓಡುತ್ತಿತ್ತು. ಅವನ ಹೊತ್ತನ್ನೂ ಹಾಳೆಯಲ್ಲಿ ಬರೆದುಕೊಂಡು, "ಹೋದ ವಾರಕ್ಕಿಂತ ನಲವತ್ತು ಸೆಕೆಂಡ್ ಕಡಿಮೆ" ಎಂದರು. ಅವನು ಅಲ್ಲೇ ಹುಲ್ಲಿನ ಮೇಲೆ ಮಲಗಿ ನಕ್ಕ.

ಇಂಥ ಜಾಗ ಖಾಸಗಿ ಕ್ಲಬ್ಬಿನಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟವರು ಗೆಲುವು ಕೇಳುತ್ತಾರೆ. ಕೋಚಿಂಗ್ ಸೆಂಟರಿನಲ್ಲೂ ಇಲ್ಲ, ಅಲ್ಲಿ ರ‍್ಯಾಂಕ್ ಬೇಕು. ಊರಿನ ತೆರಿಗೆಯಲ್ಲಿ ನಡೆಯುವ ಶಾಲೆ ಮಾತ್ರ ಕೊನೆಗೆ ಬಂದವನ ಹೊತ್ತನ್ನೂ ಬರೆದುಕೊಳ್ಳಬಲ್ಲದು. ಈಗ ಆ ಶಾಲೆಯ ಕೈಯೇ ಬಿಗಿಯಾಗಿದೆ. ನ್ಯೂಜೆರ್ಸಿಯಲ್ಲಿ ಜಿಲ್ಲೆಗಳು ಆಸ್ತಿ ತೆರಿಗೆಯನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚಿಸದಂತೆ 2010ರ ಕಾನೂನು ತಡೆದಿದೆ. ವಿನಾಯಿತಿಗಳು ಕೆಲವೇ. ಶಿಕ್ಷಕರ ಆರೋಗ್ಯ ವಿಮೆ, ಬಸ್ಸಿನ ಖರ್ಚು ಅದಕ್ಕಿಂತ ಬೇಗ ಏರುತ್ತಿವೆ. ಕೋವಿಡ್ ಕಾಲದಲ್ಲಿ ಫೆಡರಲ್ ಸರ್ಕಾರ ದೇಶದ ಶಾಲೆಗಳಿಗೆ ಕೊಟ್ಟ ಸುಮಾರು 190 ಬಿಲಿಯನ್ ಡಾಲರಿನ ಗಡುವು 2024ರ ಸೆಪ್ಟೆಂಬರಿಗೆ ಮುಗಿಯಿತು. ಕತ್ತರಿ ಹಾಕುವಾಗ ಎಪಿ ಗಣಿತಕ್ಕೆ ಯಾರೂ ಕೈ ಹಾಕುವುದಿಲ್ಲ, ವಾರ್ಸಿಟಿ ಫುಟ್‌ಬಾಲಿಗೂ ಇಲ್ಲ. ಅವುಗಳ ಹಿಂದೆ ಜನ ಇದ್ದಾರೆ. ಮೊದಲು ಹೋಗುವುದು ಫ್ರೆಶ್‌ಮನ್ ತಂಡ, ಪ್ರೈಮರಿಯ ಪಿಟೀಲು ಪಾಠ, ಲೇಟ್ ಬಸ್. ಬಸ್ಸು ನಿಂತರೆ ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿರುವ ಮನೆಯ ಮಗುವಿಗೆ ನಾಟಕವೂ ನಿಂತಿತು, ರೋಬೋವೂ ನಿಂತಿತು.

ಮಾಡಲು ದಾರಿಗಳಿವೆ. ಬ್ಯಾಂಡ್, ಚಿತ್ರಕಲೆಗಳನ್ನು ಜಿಪಿಎ ಸರಾಸರಿಯಿಂದ ಹೊರಗಿಟ್ಟು, ಕ್ರೆಡಿಟ್ ಮಾತ್ರ ಕೊಡಬಹುದು. ಆಗ 4.83ರ ಭಯವಿಲ್ಲ. ಆಯ್ಕೆಯಿಲ್ಲದ ತಂಡಗಳನ್ನು ಇನ್ನೆರಡು ಆಟಕ್ಕೆ ವಿಸ್ತರಿಸಬಹುದು. ಹೋಮ್‌ವರ್ಕ್ ಇಲ್ಲದ ರಾತ್ರಿಯ ದಿನವೇ ಪ್ರಾಕ್ಟೀಸಿಗೂ ರಜೆ ಕೊಡಬಹುದು. ಹಾಗೆ ಮಾಡಿದರೆ ಎರಡೂ ಕಡೆಯ ಪೋಷಕರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇವೆಲ್ಲ ತೀರ್ಮಾನವಾಗುವುದು ವಾಷಿಂಗ್ಟನ್‌ನಲ್ಲಿ ಅಲ್ಲ, ಊರಿನ ಶಾಲಾ ಮಂಡಳಿಯಲ್ಲಿ. ಸದಸ್ಯರನ್ನು ನಾವೇ ಆರಿಸುತ್ತೇವೆ, ಸಭೆ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಎದ್ದು ಮಾತಾಡಬಹುದು. ದೀಪಾವಳಿಗೆ ಶಾಲೆಗೆ ರಜೆ ಕೊಡಿ ಎಂದು ಕೇಳಲು ನಮ್ಮವರು ಗುಂಪಾಗಿ ಹೋದದ್ದನ್ನು ನೋಡಿದ್ದೇನೆ. ಬಜೆಟ್ ಸಭೆಯಲ್ಲಿ ನಮ್ಮವರ ಮುಖ ಅಪರೂಪ.

ನಮ್ಮ ಜಿಲ್ಲೆಯ ಬಜೆಟ್ ಸಭೆ ಏಪ್ರಿಲ್ ಕೊನೆಗೆ. ಕತ್ತರಿಸುವ ಪಟ್ಟಿಯಲ್ಲಿ ಲೇಟ್ ಬಸ್ ಇದೆ. ನನಗೆ ಸಿಗುವುದು ಮೂರು ನಿಮಿಷ. ಎರಡು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಆ ಬಸ್ಸಿನಲ್ಲಿ ದಿನಕ್ಕೆ ಎಷ್ಟು ಮಕ್ಕಳು ಹೋಗುತ್ತಾರೆ? ಅವರಲ್ಲಿ ಎಷ್ಟು ಮಂದಿಗೆ ಮನೆಗೆ ಹೋಗಲು ಬೇರೆ ದಾರಿಯಿಲ್ಲ? ಮಗಳೂ ಬರುತ್ತೇನೆ ಅಂದಿದ್ದಾಳೆ, ಬ್ಯಾಂಡ್ ಪ್ರಾಕ್ಟೀಸ್ ಮುಗಿಸಿಕೊಂಡು.